ಕಬಡ್ಡಿ ಹುಡುಗರ ಫುಟ್‌ಬಾಲ್ ಸೀಸನ್

ಬ್ಯಾರೆ ಸರ್‌ಗಳಿಗೆ ಕ್ಲಾಸಿನಾಗ ಹುಡುಗರು ನಿದ್ದಿ ಮಾಡೋದೇ ದೊಡ್ಡ ತಾಪತ್ರಯ. ನಮ್ಮಂಥ ಪಿ.ಟಿ. ಮಾಸ್ತರಿಗೆ ಅಷ್ಟು ಸುಖ ಎಲ್ಲಿಂದ ಬರಬೇಕು? ಸೀಟಿ ಕೊರಳಾಗ ಬಿತ್ತಂದ್ರ ದಿನಾ ಒಂದು ಫಜೀತಿ ಇದ್ದದ್ದೇ. ಅದರಾಗ ಹಿಂದಿನ ಫುಟ್‌ಬಾಲ್ ಸೀಸನ್ ನೆನಪಾದ್ರ ಇವತ್ತಿಗೂ ಮದಲ ಎದಿ ಡವಡವ ಅಂತದ, ಆಮ್ಯಾಲೆ ನಗು ಬರ್ತದ.

ನಮ್ಮದು ಅಕ್ಕಲಕೋಟದ ಕಾಲೇಜು. ಸೀಸನ್ ಸುರು ಆಗೋ ಮುಂದ ಪ್ರಿನ್ಸಿಪಾಲರು ನನ್ನ ಕರದು, "ಸರ್, ನಿಮ್ಮ ಫುಟ್‌ಬಾಲ್ ಟೀಮು ಒಂದರೇ ಮ್ಯಾಚ್ ಗೆದ್ದದ್ದು ನಾ ನೋಡಿಲ್ಲ. ಈ ವರ್ಷ ಒಂದು ಗೆಲ್ರಿ. ಇಲ್ಲಾಂದ್ರ ಟೀಮ್ ಬಂದ್. ಗ್ರೌಂಡಿನ್ಯಾಗ ಗಾಡಿ ನಿಲ್ಲಸಾಕ ಶೆಡ್ ಹಾಕಸ್ತೀನಿ" ಅಂದ್ರು. ಆ ಗ್ರೌಂಡಿನ ಕಲ್ಲು ನಾನೇ ಕೈಯಾರೆ ಆರಿಸೀನಿ.

ಕಾಲು ಹಿಡಿಯೋರು

ಫುಟ್‌ಬಾಲಿಗೆ ಹೆಸರು ಕೊಡೋರೇ ಇಲ್ಲ. ವಳಸಂಗ, ಕಂದಲಗಾಂವದಿಂದ ಬರೋ ಹುಡುಗರೆಲ್ಲಾ ಹುಟ್ಟಾ ಕಬಡ್ಡಿ ಆಟಗಾರರು. ಓಡ್ತಾರ, ಗಟ್ಟಿ ಅದಾರ, ಇನ್ನೇನು ಬೇಕು ಅಂತ ಅವರನ್ನೇ ಹಿಡದು ತಂದು ಬೂಟು ಹಾಕಿಸಿದೆ.

ಮದಲನೇ ಮ್ಯಾಚಿನ್ಯಾಗ ಗೋಲಿಲ್ಲದೆ ಅರ್ಧ ಆಟ ಮುಗೀತು. ನನಗ ಆಸೆ ಹುಟ್ಟಿತ್ತು. ಅಷ್ಟರಾಗ ಎದುರಿನವರ ಹುಡುಗ ಒಬ್ಬ ಚೆಂಡು ತಗೊಂಡು ನಮ್ಮ ಗೋಲಿನ ಕಡೆ ನುಗ್ಗಿದ. ನಮ್ಮ ಬ್ಯಾಕ್ ಇದ್ದಾಂವ ಧಡ್ ಅಂತ ನೆಲಕ್ಕ ಬಿದ್ದು ಅವನ ಹಿಮ್ಮಡ ಹಿಡದ. ಉಳಿದ ಬ್ಯಾಕುಗಳು ಕೈ ಕೈ ಹಿಡಕೊಂಡು ಬಂದು ಅವರಿಬ್ಬರ ಮ್ಯಾಲೆ ಬಿದ್ರು. ಒಳಗಿನಿಂದ "ಸೋಡಾ ರೇ, ಸೋಡಾ!" ಅಂತ, ಬಿಡ್ರೋ ಬಿಡ್ರಿ ಅಂತ ಮರಾಠಿಯೊಳಗ ಒದ್ದಾಡೋ ಧ್ವನಿ ಅಷ್ಟೇ ಕೇಳಾಕತ್ತಿತ್ತು.

ರೆಫರಿ ಓಡಿ ಬಂದು ಕೆಂಪು ಕಾರ್ಡ್ ತೋರಿಸಿದ, ಪೆನಾಲ್ಟಿ ಕೊಟ್ಟ. ಆ ಗೋಲಿನ್ಯಾಗೇ ಸೋತ್ವಿ. ನಮ್ಮ ಹುಡುಗ ಮಾತ್ರ ಹೊರಗ ಬರಾಕ ಒಲ್ಲೆ ಅಂತಾನ.

"ಸರ್, ರೇಡರ್‌ನ ಹಿಡದೀನ್ರಿ. ಅಂವ ಔಟ್ ಆಗ್ಯಾನ. ನಾ ಯಾಕ ಹೊರಗ ಹೋಗಲಿ?"

ದೇವರಾದ ಚೆಂಡು

ಮುಂದಿನ ಮ್ಯಾಚ್ ನಮ್ಮ ಗ್ರೌಂಡಿನ್ಯಾಗೇ. ನಮ್ಮ ಕಡೆ ಸತ್ಕಾರ ಇಲ್ಲದ ಕಾರ್ಯಕ್ರಮ ಎಲ್ಯರೆ ಅದ ಏನ್ರಿ? ಮುಖ್ಯ ಅತಿಥಿ ಆಗಿ ಬಂದ ಪಾಹುಣ್ಯಾರಿಗೆ ಟೋಪಿ, ಟಾವೆಲ್, ಶಾಲು ಆತು. ಚೆಂಡಿಗೆ ಅರಿಶಿಣ ಕುಂಕುಮ ಹಚ್ಚಿಸಿ, ಹಾರ ಹಾಕಿಸಿ, ಕಾಯಿ ಒಡಿಸಿದೆ. ಊದಿನಕಡ್ಡಿನೂ ಹಚ್ಚಿದೆ. ಈ ಸಲ ದೇವರರೇ ಕೈ ಹಿಡೀಲಿ ಅಂತ ನನ್ನ ವಿಚಾರ.

ಹಾರ ತಗದು ಆಟ ಸುರು ಮಾಡಿದ್ವಿ. ಚೆಂಡು ನಮ್ಮ ಹುಡುಗನ ಮುಂದ ಬಂತು. ಒದೀಲಿಲ್ಲ. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ! ಹ್ಯಾಂಡ್‌ಬಾಲ್ ಅಂತ ಸೀಟಿ ಆತು. ಮುಂದ ಇನ್ನೊಬ್ಬನ ಕಡೆ ಬಂತು. ಅಂವ ದಾರಿ ಬಿಟ್ಟು ಕೈಮುಗದು ನಿಂತ. ಎದುರಿನವರು ಅವನ ಪಕ್ಕದಿಂದ ಹೋಗಿ ಆರಾಮ ಗೋಲ್ ಹೊಡದ್ರು.

"ಒದೀರಿ ಲೇ! ಏನಾಗ್ಯಾದ ನಿಮಗ?" ಅಂತ ಗಂಟಲಾ ಹರಕೊಂಡೆ.

"ಸರ್, ಕುಂಕುಮ ಹಚ್ಚಿದ್ದಕ್ಕ ಕಾಲು ಹ್ಯಾಂಗ ಹಚ್ಚೋದ್ರಿ?"

ಕಡೀಕೆ ನಾನೇ ಆಟ ನಿಲ್ಲಿಸಿ, ಅಂಗಿ ತುದಿಲೆ ಚೆಂಡು ಒರಸಿ, "ದೇವರು ಮನಿಗೆ ಹೋದ್ರು, ಇನ್ನ ಒದೀರಿ" ಅಂದೆ. ಆಮ್ಯಾಲೆ ಜೀವ ಬಿಟ್ಟು ಆಡಿದ್ರು, ಆಟ ಬರಾಬರಿ ಆತು. ಪ್ರಿನ್ಸಿಪಾಲರು ನನ್ನ ಹತ್ರ ಬಂದು, "ಬರಾಬರಿ ಅಂದ್ರ ಗೆದ್ದಂಗಲ್ಲ" ಅಂದ್ರು. ಅವರ ಹಿಂದ ಶೆಡ್ ಕಟ್ಟೋ ಮಿಸ್ತ್ರಿ ಟೇಪ್ ಹಿಡಕೊಂಡು ಗ್ರೌಂಡ್ ಅಳಿಯಾಕತ್ತಿದ್ದ. ಪ್ರಸಾದದ ಕೊಬ್ಬರಿನೂ ಅವನೇ ತಿಂದಿದ್ದ.

ಮುಟ್ಟಿ ಬಂದಾಂವ

ನಮ್ಮ ಫಾರ್ವರ್ಡ್ ವಳಸಂಗದ ಹುಡುಗ. ಕಬಡ್ಡಿಯೊಳಗ ಅವನಂಥ ರೇಡರ್ ಆ ಸುತ್ತಿನ್ಯಾಗ ಇದ್ದಿಲ್ಲ. ಸೋಲಾಪುರದ ಮ್ಯಾಚಿನ್ಯಾಗ ಅಂವ ಎಲ್ಲಾರನೂ ದಾಟಿ ಒಬ್ಬನೇ ಗೋಲಿನ ಮುಂದ ಹೋದ. ಗೋಲ್ ಕಾಯೋ ಅವರ ಗೋಲಿ ಓಡಿ ಹೊರಗ ಬಂದ. ಇಡೀ ಗೋಲ್ ಖಾಲಿ! ನಾ ಖುರ್ಚಿ ಬಿಟ್ಟು ಎದ್ದೆ.

ನಮ್ಮಾಂವ ಚೆಂಡು ಅಲ್ಲೇ ಬಿಟ್ಟ. ಗೋಲಿಯ ಭುಜ ಟಪ್ ಅಂತ ಮುಟ್ಟಿದ. ತಿರುಗಿ ವಾಯುವೇಗದಲೆ ಓಡಿ ಬಂದು ನಡುಗೆರಿ ಮ್ಯಾಲೆ ಉದ್ದಕ್ಕ ಬಿದ್ದ.

ನಾ ತಲಿ ಹಿಡಕೊಂಡು ಕುಂತೆ. ಅಂವ ಅಲ್ಲಿಂದಲೇ, "ಸರ್, ಪಾಯಿಂಟ್ ಬಂತೇನ್ರಿ?" ಅಂತ ಕೇಳಾಕತ್ತಾನ.

ಕಡೀ ಮ್ಯಾಚು

ಹಿಂಗ ಒಂದೂ ಗೆಲ್ಲದೆ ಕಡೀ ಮ್ಯಾಚಿಗೆ ಬಂದು ನಿಂತ್ವಿ. ಮತ್ತ ಸೋಲಾಪುರಕ್ಕೇ ಹೋಗೋದಿತ್ತು. ಎಸ್.ಟಿ. ಬಸ್ ಹತ್ತಿದ್ವಿ. ವಳಸಂಗ ದಾಟಿದ ಮ್ಯಾಲೆ ಫಾರ್ವರ್ಡ್ ಮೆಲ್ಲಕ, "ಸರ್, ಶೆಡ್ ಹಾಕಿದ್ರ ನಾವೆಲ್ಲಿ ಆಡೋದ್ರಿ?" ಅಂದ. ಊರಾಗ ಹೊಲ ಬಿಟ್ರ ಬಯಲಿಲ್ಲ, ಕಾಲೇಜಿಗೆ ಅಂವ ಬರೋದೇ ಆಡಾಕ. ನನ್ನ ಕಣ್ಣಾಗ ನೀರು ಬಂತು. ಖಿಡಕಿ ಕಡೆ ಮುಖ ಮಾಡಿ, "ಮದಲ ಆಡೋ ಲೇ" ಅಂತ ಗದರಿಸಿದೆ.

ಪ್ರಿನ್ಸಿಪಾಲರೂ ಕಾರಿನ್ಯಾಗ ಬಂದು ಛತ್ರಿ ಬಿಚ್ಚಿ ಕುಂತಿದ್ರು. ಎದುರಿನವರು ಹೊಡದ್ರು, ನಾವು ತಡದ್ವಿ. ನಾವು ಹೊಡದ್ವಿ, ಅವರು ತಡದ್ರು. ನಮ್ಮ ಬ್ಯಾಕುಗಳು ಯಾರದರೇ ಕಾಲು ಹಿಡದಾರು ಅಂತ ಅವರ ಕೈಗೆ ಕರ್ಚೀಫ್ ಕೊಟ್ಟು, ಮುಷ್ಟಿಯಾಗ ಹಿಡಕೊಂಡೇ ಆಡ್ರಿ ಅಂದಿದ್ದೆ. ಟೈಮ್ ಮುಗೀಲಿಕ್ಕೆ ಬಂತು, ಗೋಲಿಲ್ಲ.

ಆಗ ಚೆಂಡು ನಮ್ಮ ಫಾರ್ವರ್ಡಿಗೆ ಸಿಕ್ತು. ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ. ಮುಂದ ಗೋಲಿ ಒಬ್ಬನೇ. ಫಾರ್ವರ್ಡಿನ ಬಲಗೈ ತಾನಾಗೇ ಮುಂದ ಚಾಚಿತು. ಸತ್ವಿ, ಮತ್ತ ಮುಟ್ಟಿ ಬರ್ತಾನ ಅಂತ ನಾ ಓಡಿಕೋತ ಹೋದೆ. "ಲೇ, ಮುಟ್ಟಬ್ಯಾಡೋ! ಚೆಂಡು ಒದಿಯೋ!"

ಅಂವ ಕೈ ಚಾಚಿಕೊಂಡೇ ಒದ್ದ. ಚೆಂಡಿಗೆ ಏನೂ ಜೋರಿಲ್ಲ, ಉರುಳಿಕೋತ ಹೊಂಟಿತ್ತು. ಗೋಲಿ ಬಗ್ಗಿದ್ರ ಸಾಕಿತ್ತು, ಕೈಯಾಗೇ ಬರ್ತಿತ್ತು. ಆದ್ರ ಅಂವ ಹೊಟ್ಟಿ ಒಳಗ ಎಳಕೊಂಡು, ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು, ಟಣ್ ಅಂತ ಬಾಜೂಕ ಜಿಗದ. ಚೆಂಡು ಒಳಗ ಹೋತು!

ಫಾರ್ವರ್ಡ್ ರೂಢಿಯಂಗ ಓಡಿ ಬಂದು ನಡುಗೆರಿ ಮ್ಯಾಲೆ ಬಿದ್ದ. ಮ್ಯಾಲೆ ನಾ ಬಿದ್ದೆ. ಸೀಟಿ ಆತು. ಪ್ರಿನ್ಸಿಪಾಲರು ಛತ್ರಿ ಬೀಸಿಕೋತ ಕುಣದ್ರು, ಮಿಸ್ತ್ರಿಗೆ ಫೋನ್ ಹಚ್ಚಿ, "ಬರಬ್ಯಾಡಪ್ಪಾ" ಅಂದ್ರು.

ಅತ್ತ ಆ ಗೋಲಿಗೆ ಅವರ ಸರ್ ಇದೇನ್ ಮಾಡಿದಿ ಅಂತ ಮರಾಠಿಯೊಳಗ ಬೈಯಾಕತ್ತಿದ್ರು, "ಅರೆ, ಹೇ ಕಾಯ ಕೇಲಸ್?" ಯಾಕ ಜಿಗದ ಅಂತ ಕೇಳೋಣು ಅಂತ ನಾನೂ ಹತ್ರ ಹೋದೆ. ಹುಡುಗ ಬೋರಾಮಣಿಯಾಂವ, ಸಣ್ಣಂದಿನಿಂದ ಕಬಡ್ಡಿ ಆಡಿದಾಂವ. ಎದಿ ಉಬ್ಬಿಸಿ ಅಂವ ಕನ್ನಡದಾಗೇ ಅಂದ:

"ಗೋಲ್ ಆಗ್ಯಾದ ಖರೆ ಸರ್, ಆದ್ರ ನಾ ಮುಟ್ಟಿಸ್ಕೊಂಡಿಲ್ರಿ!"