ಹೆರಿಗೆ ವಾರ್ಡಿನ ಹೊಸ ಹೆಸರು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಅದರೊಳಗೆ ಒಬ್ಬರೇ ಒಬ್ಬರು. ಯಾರು ಏನು ತೊಂದರೆ ಹೇಳಿಕೊಂಡು ಬಂದರೂ ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ’ ಎನ್ನುತ್ತಿದ್ದುದರಿಂದ ಅವರಿಗೆ ರೀಸ್ಟಾರ್ಟ್ ರಾಯರು ಎಂಬ ಹೆಸರು ಅಂಟಿಕೊಂಡಿತ್ತು.

ಆ ದಿನ ಬೆಳಿಗ್ಗೆ ಹೆರಿಗೆ ವಾರ್ಡಿನ ಹಿರಿಯ ನರ್ಸು, ಎಲ್ಲರ ಪಾಲಿನ ದೊಡ್ಡಕ್ಕ, ಬಾಗಿಲಲ್ಲಿ ಬಂದು ನಿಂತರು. ವಾರ್ಡಿಗೆ ಹೊಸ ಬೋರ್ಡು ಬಂದಿದೆ, ಕಂಪ್ಯೂಟರಿನಲ್ಲೂ ‘ತಾಯಿ ಮಗು ವಿಭಾಗ’ ಎಂದೇ ಇರಲಿ ಎಂದರು. ರಾಯರು ಹಳೆಯ ಹೆಸರು ಅಳಿಸಿ ಹೊಸದನ್ನು ಬರೆದರು. ಅಷ್ಟೇ. ಕೈಯಲ್ಲಿದ್ದ ಚಹಾ ಇನ್ನೂ ಆರಿರಲಿಲ್ಲ.

ಅಡುಗೆಮನೆಯ ಕಂಪ್ಯೂಟರಿಗೆ ಹೆರಿಗೆ ವಾರ್ಡು ಗೊತ್ತಿತ್ತು, ತಾಯಿ ಮಗು ಗೊತ್ತಿರಲಿಲ್ಲ. ವಿಳಾಸವಿಲ್ಲದ ಬಾಣಂತಿಯರನ್ನೆಲ್ಲ ಅದು ಪಕ್ಕದ ಮೂಳೆ ವಾರ್ಡಿಗೆ ಸೇರಿಸಿಬಿಟ್ಟಿತು. ಕೈಕಾಲು ಮುರಿದುಕೊಂಡ ಗಂಡಸರ ಮುಂದೆ ಬಾಣಂತಿಯರ ಊಟ ಬಂತು. ಅಲ್ಲಿಗೇ ನಿಂತಿದ್ದರೆ ಅವರು ಉಂಡು ಸುಮ್ಮನಾಗುತ್ತಿದ್ದರು. ಆದರೆ ಮನೆಯವರಿಗೆ ಶುಭಾಶಯದ ಮೆಸೇಜು ಕಳಿಸುವ ಯಂತ್ರ ಅಡುಗೆಮನೆಯನ್ನೇ ನಂಬಿಕೊಂಡಿತ್ತು. ಬಾಣಂತಿಯ ಊಟ ಯಾವ ಮಂಚಕ್ಕೆ ಹೋಯಿತೋ ಅಲ್ಲಿ ಹೆರಿಗೆಯಾಯಿತೆಂದೇ ಅದರ ಲೆಕ್ಕ.

ಮೂಳೆ ವಾರ್ಡಿನಲ್ಲಿದ್ದ ಲಾರಿ ಡ್ರೈವರನ ಹೆಂಡತಿ ಮೊಬೈಲು ಹಿಡಿದುಕೊಂಡು, ಜೊತೆಗೆ ಅಣ್ಣನನ್ನೂ ಕರೆದುಕೊಂಡು ಬಂದಳು. ಗಂಡು ಮಗು, ತಾಯಿ ಕ್ಷೇಮ ಎಂದು ಅದರಲ್ಲಿತ್ತು.

“ಆ ತಾಯಿ ಯಾರು ಅಂತ ಒಂದು ಮಾತು ಹೇಳಿ, ಸಾಕು,” ಎಂದು ಗಂಡನನ್ನು ಕೇಳಿದಳು.

ಪ್ಲಾಸ್ಟರು ಹಾಕಿದ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ ಅವನು, “ಬಂದಾಗಿಂದ ಈ ಮಂಚ ಬಿಟ್ಟು ಇಳಿದಿಲ್ಲ ಕಣೇ,” ಎಂದ. ಅವಳ ಅಣ್ಣನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಅಷ್ಟರಲ್ಲಿ ಸಹಾಯ ಮಾಡುವವರ ಸಾಲು ಶುರುವಾಯಿತು. ಅಡುಗೆಮನೆಯ ಮೇಲ್ವಿಚಾರಕ ಯಾರನ್ನೂ ಕೇಳದೆ ಹಳೆಯ ಹೆಸರಿನಲ್ಲಿ ತಾನೇ ಒಂದು ವಾರ್ಡು ಹುಟ್ಟಿಸಿದ. ಔಷಧಿ ವಿಭಾಗದವನು ತನ್ನದೊಂದು ಇರಲಿ ಎಂದು ಇನ್ನೊಂದನ್ನು ಹುಟ್ಟಿಸಿದ. ರಾಯರು ಗಾಬರಿಯಲ್ಲಿ ತಮ್ಮ ಬದಲಾವಣೆಯನ್ನೇ ಹಿಂತೆಗೆದುಕೊಂಡಾಗ ಒಂದೇ ಹೆಸರಿನ ವಾರ್ಡುಗಳು ಮೂರಾದವು. ಯಾವುದಕ್ಕೆ ಕೊಡಲಿ ಎಂದು ತಿಳಿಯದೆ ಔಷಧಿ ವಿಭಾಗದ ಕಂಪ್ಯೂಟರು ಯಾವುದಕ್ಕೂ ಕೊಡದೆ ಕೂತಿತು.

ದೊಡ್ಡಕ್ಕನ ಫೋನು ಬಂತು. ಹೆತ್ತವಳೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲವಂತೆ. ದನಿ ಎತ್ತರವಾಗಿರಲಿಲ್ಲ, ರಾಯರಿಗೆ ಹೆದರಿಕೆಯಾದದ್ದು ಅದಕ್ಕೇ.

“ರಾಯರೇ, ನಂಗೆ ಹೆಸರು ಬೇಡ. ಇಂಜೆಕ್ಷನ್ ಬೇಕು.”

ರಾಯರು ಓಡಿದರು. ಕಂಪ್ಯೂಟರು ಬಿಡುತ್ತಿಲ್ಲ ಸಾರ್ ಎಂದ ಔಷಧಿಯವನು, ಅವರ ಮುಖ ನೋಡಿ ಮಾತು ನಿಲ್ಲಿಸಿ, ಫ್ರಿಜ್ಜು ತೆರೆದು ಡಬ್ಬಿಯನ್ನು ಕೈಗೇ ಕೊಟ್ಟ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಅದನ್ನು ದೊಡ್ಡಕ್ಕನಿಗೆ ತಲುಪಿಸಿದ ರಾಯರು ಹೊರಗಿನ ಬೆಂಚಿನ ಮೇಲೆ ಕುಸಿದರು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಕ್ಕ ಬಾಗಿಲ ಸಂದಿಯಿಂದ ತಲೆಯಾಡಿಸಿದರು. ರಕ್ತ ನಿಂತಿತ್ತು.

ಬೆಂಚಿನ ಮೇಲೆ ಕೂತು ರಾಯರು ಬೆಳಗಿನಿಂದ ಆದದ್ದನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿ ನೋಡಿದರು. ಅಡುಗೆಮನೆಯ ಕಂಪ್ಯೂಟರು ಹೇಳಿದ ಹಾಗೇ ಕೇಳಿತ್ತು, ಔಷಧಿಯದೂ ಅಷ್ಟೇ. ಕೈ ಹಾಕಿದವರೆಲ್ಲ ಒಳ್ಳೆಯದಕ್ಕೇ ಹಾಕಿದ್ದರು. ತಪ್ಪು ಯಾವ ಕೋಣೆಯಲ್ಲೂ ಇರಲಿಲ್ಲ, ಕೋಣೆ ಕೋಣೆಗಳ ನಡುವೆ ಇತ್ತು. ಆ ಜಾಗಕ್ಕೆ ಬೀಗವಿಲ್ಲ, ಯಜಮಾನನಿಲ್ಲ, ಅಲ್ಲೊಂದು ಕುರ್ಚಿ ಹಾಕಿಕೊಂಡು ಕೂತವರೂ ಇಲ್ಲ.

ಸಂಜೆ ಕೆಳಗಿಳಿದು ಬಂದು ಕೀಬೋರ್ಡಿನ ಮೇಲೆ ಬೆರಳಿಡಲು ಹೋದವರಿಗೆ ಧೈರ್ಯ ಬರಲಿಲ್ಲ. ಕೈಕಟ್ಟಿ ಕೂತು ಪರದೆಯನ್ನೇ ನೋಡಿದರು. ನೋಡುತ್ತಿದ್ದಂತೆ ಮೂರು ವಾರ್ಡು ಎರಡಾದವು, ಎರಡು ಒಂದಾಯಿತು. ಊಟ, ಔಷಧಿ, ಮೆಸೇಜು ಎಲ್ಲ ತಮ್ಮ ತಮ್ಮ ದಾರಿ ಹಿಡಿದವು. ಯಾಕೆಂದು ರಾಯರಿಗೆ ತಿಳಿಯಲಿಲ್ಲ. ಕೆಟ್ಟದ್ದಾದರೂ ಅರ್ಥವಾಗಿತ್ತು, ಸರಿಯಾದದ್ದು ಮಾತ್ರ ಅರ್ಥವಾಗಲಿಲ್ಲ.

ನಿರ್ದೇಶಕರು ಕರೆಸಿದಾಗ ರಾಯರು ಬೈಗುಳಕ್ಕೆ ಸಿದ್ಧರಾಗಿಯೇ ಹೋದರು. ನಿರ್ದೇಶಕರು ಎದ್ದು ಬಂದು ಕೈ ಕುಲುಕಿದರು.

“ಒಂದೇ ದಿನದಲ್ಲಿ ಸರಿ ಮಾಡಿದ್ರಲ್ಲ. ಏನು ಮಾಡಿದ್ರಿ?”

“ನಿಜವಾಗಿ ಏನೂ ಮಾಡಿಲ್ಲ ಸಾರ್.”

“ಅದೇ ನಿಮ್ಮ ದೊಡ್ಡತನ,” ಎಂದರು ನಿರ್ದೇಶಕರು. “ಪಟ್ಟಣದಲ್ಲಿರೋ ನಮ್ಮ ದೊಡ್ಡ ಆಸ್ಪತ್ರೇಲಿ ಮೊನ್ನೆಯಿಂದ ಕಂಪ್ಯೂಟರೆಲ್ಲಾ ನಿಂತುಹೋಗಿವೆ. ಪರಿಣತರೆಲ್ಲ ಕೈಚೆಲ್ಲಿ ಕೂತಿದಾರೆ. ಇಲ್ಲೇನು ಮಾಡಿದ್ರೋ ಅಲ್ಲೂ ಅದನ್ನೇ ಮಾಡಿ. ಗಾಡಿ ಕೆಳಗೆ ಕಾಯ್ತಿದೆ.”