ಎಲೆಯ ಎಡಗಡೆ ಉಳಿದ ಉಪ್ಪು

ಹಾಗಾಗಿ, ಮಾನ್ಯ ಸಂಚಾಲಕ ಮಹಾಶಯರೇ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದಲೇ ಮುಂದುವರಿಸುತ್ತೇನೆ. ನಿನ್ನೆ ಈ ಮಾತನ್ನೆಲ್ಲ ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು ಗೆಳೆಯ ಕದಿರಪ್ಪನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಮಾರಿಕುಪ್ಪಂ ರೈಲು ಬಂತು, ಅವನು ಹತ್ತಿ ಹೊರಟುಹೋದ, ಉಳಿದರ್ಧ ಕೇಳುವವರಿಲ್ಲದೆ ತಮ್ಮ ಪಾಲಿಗೆ ಬಂದಿದೆ. ತಾವು ರೈಲು ಹತ್ತಿ ಹೋಗುವಂತಿಲ್ಲವಾದ್ದರಿಂದ ಸಾವಧಾನದಿಂದ ಓದಬೇಕಾಗಿ ಪ್ರಾರ್ಥನೆ.

ಕನ್ನಡಕದ ಅಂಗಡಿಯವರನ್ನೆಲ್ಲ ಬೆಂಗಳೂರಿಗೆ ಕರೆಸಿ, ಕಣ್ಣಿನ ರೋಗಗಳನ್ನೂ ರೋಗಿಗಳ ಉಪಚಾರವನ್ನೂ ಬೋಧಿಸಿ, ಬಣ್ಣದ ಅಂಚಿನ ಸರ್ಟಿಫಿಕೇಟು ಕೊಟ್ಟು ಕಳಿಸುವ ತಮ್ಮ ಮರುತರಬೇತಿ ಶಿಬಿರಕ್ಕೆ ನನ್ನ ಅನಂತ ನಮಸ್ಕಾರಗಳು. ಐ ಹ್ಯಾವ್ ದಿ ಆನರ್ ಟು ಸ್ಟೇಟ್ ಎಂದು ಇಂಗ್ಲಿಷಿನಲ್ಲೇ ಶುರುಮಾಡಬೇಕೆಂದಿದ್ದೆ. ಇಂಟರ್‌ಮೀಡಿಯಟ್‌ನಲ್ಲಿ ಕಲಿತ ಆ ವಾಕ್ಯ ಅಲ್ಲಿಯವರೆಗೆ ಚೆನ್ನಾಗಿ ನೆನಪಿದೆ, ಏನನ್ನು ಸ್ಟೇಟ್ ಮಾಡಬೇಕೆಂಬ ಭಾಗ ಮರೆತುಹೋಗಿದೆ. ಆದ್ದರಿಂದ ಕನ್ನಡ.

ತಮ್ಮ ಶಿಬಿರದ ಹೆಮ್ಮೆಯ ಶಿಷ್ಯ, ರಾಬರ್ಟ್‌ಸನ್‌ಪೇಟೆಯ ಕನ್ನಡಕದ ಕೋದಂಡಪ್ಪನವರನ್ನು ತಾವು ಮರೆತಿರಲಾರಿರಿ. ಮೊದಲ ಸಲ ಅವರು ರೋಗಗಳ ತರಬೇತಿ ಮುಗಿಸಿ ಬಂದಾಗ ನಮ್ಮ ಕಡೆ ರೋಗಕ್ಕೆ ಬರವೇ ಇರಲಿಲ್ಲ. ಸೋಪಿನ ನೊರೆ ಕಣ್ಣಿಗೆ ಬಿದ್ದವನಿಗೂ ಲ್ಯಾಟಿನ್ ಹೆಸರಿನ ಕಾಯಿಲೆಯೊಂದನ್ನು ಕೊಟ್ಟು ಕಳಿಸುತ್ತಿದ್ದರು. ಉರಿಗಾಂನ ಚಿನ್ನದ ಗಣಿ ಕೂಲಿಗಳ ಲೈನುಮನೆಗಳಲ್ಲಿ ಜನ ತಮ್ಮ ತಮ್ಮ ಕಾಯಿಲೆಯ ಹೆಸರನ್ನು ಮಕ್ಕಳ ಹೆಸರಿನಷ್ಟೇ ಪ್ರೀತಿಯಿಂದ ಹೇಳಿಕೊಳ್ಳುತ್ತಿದ್ದರು. ಎರಡನೆಯ ಸಲ ರೋಗಿಯ ಉಪಚಾರ ಕಲಿತು ಬಂದರು. ಆಮೇಲೆ ಅವರ ಮೃದುತ್ವವನ್ನು ಏನೆಂದು ವರ್ಣಿಸಲಿ! ಬಾಗಿಲಲ್ಲೇ ಕೈಹಿಡಿದು ಕೂರಿಸುವುದು, ನೀರು ಕೊಡುವುದು, ಮಳೆ ಬೆಳೆ ವಿಚಾರಿಸುವುದು, ಹೆಂಡತಿ ಮಕ್ಕಳ ಕ್ಷೇಮ ಕೇಳುವುದು. ಇಷ್ಟು ಉಪಚಾರ ಮುಗಿಯುವಷ್ಟರಲ್ಲಿ ಊರಿಗೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತಾದ್ದರಿಂದ, ಕಣ್ಣನ್ನು ನೋಡಿಸಿಕೊಳ್ಳುವಷ್ಟು ಸ್ವಾರ್ಥ ಯಾವ ರೋಗಿಗೂ ಉಳಿಯುತ್ತಿರಲಿಲ್ಲ.

ನಾನು ಮಾತ್ರ ಸ್ವಾರ್ಥಿ. ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತದೆ, ಎಡಗಡೆಯಿಂದ ಬರುವ ಸೈಕಲ್ಲು ಮೈಮೇಲೆ ಬಂದಮೇಲೇ ತಿಳಿಯುತ್ತದೆ, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುತ್ತದೆ ಎಂದು ಹೇಳಿಕೊಂಡೆ. ಅವರು ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿದರು. ನಾನು ಕೊನೆಯ ಸಾಲನ್ನೂ ಓದಿದೆ. ಅದರ ಕೆಳಗೆ ಇರುವೆ ಗಾತ್ರದಲ್ಲಿದ್ದ, ಮದರಾಸಿನ ಯಾವುದೋ ಮುದ್ರಣಾಲಯದ ಹೆಸರನ್ನೂ ಓದಿದೆ. ಅಂಗಡಿಯ ಬೆಂಚಿನ ಮೇಲಿದ್ದವರು ತಲೆದೂಗಿದರು. ಇಡೀ ರಾಬರ್ಟ್‌ಸನ್‌ಪೇಟೆಯಲ್ಲಿ ಇಂಥ ಕಣ್ಣಿಲ್ಲವೆಂದು ಕೋದಂಡಪ್ಪನವರು ಸಾರಿದರು. ಗಣಿಯ ಬಾವಿಗೆ ಇಳಿದವನು ತಲೆಯೆತ್ತಿದರೆ ಮೇಲೆ ಬಿಲ್ಲೆಯಷ್ಟು ಆಕಾಶ ಕಾಣುತ್ತದಂತೆ, ಆ ಬಿಲ್ಲೆ ಬಹಳ ಸ್ವಚ್ಛವಾಗಿರುತ್ತದಂತೆ. ನನ್ನ ಕಣ್ಣಲ್ಲಿ ಉಳಿದಿದ್ದದ್ದು ಆ ಬಿಲ್ಲೆ. ಹಲಗೆ ಅದರೊಳಗೆ ಸರಿಯಾಗಿ ಹಿಡಿಸುತ್ತಿತ್ತು, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಉಪ್ಪು.

ನಮ್ಮ ಮನೆಯಲ್ಲಿ ಮುತ್ತುಗದ ಎಲೆಯಲ್ಲಿ ಊಟ. ಎಲೆಯ ಎಡಗಡೆ ಮೇಲೆ ಉಪ್ಪು, ಅದರ ಪಕ್ಕ ಹುಚ್ಚೆಳ್ಳು ಚಟ್ನಿ. ಎಲ್ಲರ ಮನೆಯಲ್ಲೂ ಹಾಗೆಯೇ, ತಮ್ಮ ಮನೆಯಲ್ಲೂ ಹಾಗೆಯೇ ಇರಬೇಕು. ನನ್ನ ಹೆಂಡತಿ ಮುತ್ಯಾಲಮ್ಮ ಕ್ಯಾಸಂಬಳ್ಳಿ ಕಡೆಯವಳು, ಅವಳ ಹುಚ್ಚೆಳ್ಳು ಚಟ್ನಿಗೆ ನಮ್ಮ ಸ್ಟೇಷನ್ನಿನ ಗೂಡ್ಸ್ ಆಫೀಸಿನವರೆಲ್ಲ ಕಾದು ಕೂರುತ್ತಿದ್ದರು. ಅಂಥ ಚಟ್ನಿಯನ್ನು ನಾನು ಮುಟ್ಟದಾದೆ. ಸಾರಿಗೆ ಉಪ್ಪಿಲ್ಲವೆಂದು ಗೊಣಗುತ್ತಿದ್ದೆ, ಉಪ್ಪು ಎಲೆಯಲ್ಲೇ ಇರುತ್ತಿತ್ತು. ಎಲೆ ಎತ್ತುವಾಗ ಅವಳು ಒಂದು ದಿನ ಅಂದಳು, ‘ಯಾಕೆ, ನಾನು ರುಬ್ಬಿದ್ದು ನಿಮ್ಗೆ ಸೇರಾಕಿಲ್ವಾ? ಎಡಕ್ಕೆ ಬಡ್ಸಿದ್ದೆಲ್ಲಾ ಅಂಗೇ ಬಿದ್ದೈತೆ.’ ಬಡಿಸಿಯೇ ಇಲ್ಲವಲ್ಲ ಎಂದು ನಾನು ವಾದಿಸಿದೆ. ಅವಳು ಎಲೆ ಮಡಚಿ ಎತ್ತಿಕೊಂಡು ಹೋದಳು.

ಮುಂದಿನ ಸಲ ನನ್ನ ಜೊತೆ ರಾಬರ್ಟ್‌ಸನ್‌ಪೇಟೆಗೆ ಅವಳೂ ಬಂದಳು. ಕೋದಂಡಪ್ಪನವರು ಉಪಚಾರದ ಪಾಠದಂತೆ ಮನೆಯ ಕ್ಷೇಮ ಕೇಳಿದರು, ಅವಳು ಎಲೆಯ ಎಡಗಡೆಯ ಕಥೆಯನ್ನು ಉಪ್ಪು ಖಾರ ಬಿಡದೆ ಹೇಳಿದಳು. ಮಹಾಶಯರೇ, ನನ್ನ ರೋಗವನ್ನು ಅದಕ್ಕಿಂತ ಬಿಡಿಸಿ ಯಾರೂ ಅವರ ಮುಂದೆ ಇಟ್ಟಿರಲಾರರು. ಅವರು ಅದನ್ನು ಸಂಸಾರದ ಮುನಿಸೆಂದು ತಿಳಿದು, ಹೆಂಡತಿಯ ಅಡುಗೆಯನ್ನು ಹೊಗಳಬೇಕೆಂದು ನನಗೆ ಬುದ್ಧಿ ಹೇಳಿ, ಅವಳ ಕಡೆ ತಿರುಗಿ ಬಹಳ ಮೃದುವಾಗಿ ಹೀಗೆಂದರು: ‘ಕಣ್ಣು ವಜ್ರದಂಗೈತೆ ಕಣಮ್ಮ. ಕಾಣಾಕೇನೋ ಕಾಣ್ತೈತೆ. ತಿನ್ನಾಕೆ ಮನ್ಸಿಲ್ಲ, ಅಷ್ಟೇಯ.’

ಅವಳು ಅದನ್ನು ನಂಬಿದಳು. ಗೋಡೆಯ ಮೇಲೆ ತಮ್ಮ ಎರಡು ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ನೇತಾಡುತ್ತಿರುವಾಗ ಯಾರು ತಾನೆ ನಂಬುವುದಿಲ್ಲ? ಅಂದಿನಿಂದ ಚಟ್ನಿ ರುಬ್ಬುವುದನ್ನು ನಿಲ್ಲಿಸಿದಳು. ಮುಂದಿನ ಸುಗ್ಗಿಗೆ ಅವಳೇ ಇರಲಿಲ್ಲ. ಜ್ವರ ಬಂತು, ಹೋದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದ್ದು ಅದಾದ ಮೇಲೆ. ಒಳಗೆ ಒತ್ತಡ ಏರಿ ನರ ಸಾಯುತ್ತದೆ, ಅಂಚಿನಿಂದ, ನನಗಾದರೆ ಎಡದ ಅಂಚಿನಿಂದ ಮೊದಲು, ಕತ್ತಲಾಗುತ್ತಾ ಬರುತ್ತದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು, ಮೊದಲೇ ಬರಬಾರದಿತ್ತೇ ಎಂದರು. ನಾನು ಮೊದಲೇ ಹೋಗಿದ್ದೆ, ರಾಬರ್ಟ್‌ಸನ್‌ಪೇಟೆಗೆ.

ಇಷ್ಟಾದರೂ ತಮ್ಮ ಶಿಬಿರದ ಮೇಲೆ ನನಗಿರುವ ಗೌರವ ಕುಂದಿಲ್ಲ. ಆದ್ದರಿಂದ ಕೆಲವು ವಿಜ್ಞಾಪನೆಗಳು. ಮುಂದಿನ ತರಬೇತಿಯಲ್ಲಿ ಅಕ್ಷರದ ಹಲಗೆಯನ್ನು ಬದಿಗಿಟ್ಟು ಎಲ್ಲರಿಗೂ ಎಲೆ ಹಾಕಿಸಿ ಊಟ ಬಡಿಸಬೇಕು, ಯಾರ ಎಲೆಯಲ್ಲಿ ಏನು ಉಳಿಯಿತೆಂದು ಶಿಷ್ಯರು ಪಂಕ್ತಿಯ ಉದ್ದಕ್ಕೂ ಬಗ್ಗಿ ನೋಡಬೇಕು. ಬೋಧಿಸಲು ದೊಡ್ಡ ಡಾಕ್ಟರುಗಳ ಜೊತೆಗೆ ಎಲೆ ಎತ್ತುವ ಹೆಂಗಸರನ್ನೂ ಕರೆಸಬೇಕು. ಇವೆರಡು ಆಗದಿದ್ದರೂ ಚಿಂತೆಯಿಲ್ಲ, ಒಂದನ್ನು ಮಾತ್ರ ನಡೆಸಿಕೊಡಬೇಕು. ಬಣ್ಣದ ಅಂಚಿರುವ ಅದೇ ಕಾಗದದ ಮೇಲೆ, ಅದೇ ಮೊಹರು ಒತ್ತಿ, ಶ್ರೀಮತಿ ಮುತ್ಯಾಲಮ್ಮನವರ ಹೆಸರಿಗೆ ಒಂದು ಸರ್ಟಿಫಿಕೇಟು: ಇವರ ಗಂಡನಿಗೆ ಚಟ್ನಿ ಕಾಣುತ್ತಿರಲಿಲ್ಲ, ಮನಸ್ಸಿತ್ತು. ತಲುಪಿಸುವ ವಿಳಾಸ ನನ್ನ ಬಳಿ ಇಲ್ಲ. ಇಷ್ಟೊಂದು ಕಲಿಸುವವರು, ಅದನ್ನೂ ತಾವೇ ಪತ್ತೆ ಮಾಡಬಲ್ಲಿರೆಂದು ನಂಬಿದ್ದೇನೆ.

ಕೋದಂಡಪ್ಪನವರು ಮೂರನೆಯ ತರಬೇತಿಗೆ ಹೊರಟಿದ್ದಾರೆಂದು ಕದಿರಪ್ಪ ಹೇಳಿದ. ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ ಎಂದು ಬರೆಯಬೇಕೆಂದಿದ್ದೆ, ಇನ್ನೂ ಎಷ್ಟೋ ಇತ್ತು, ಆದರೆ ಬೆಳಕು ಹೋಗುತ್ತಿದೆ. ಕಾಗದದ ಅಂಚು ಆಗಲೇ ಕಾಣುತ್ತಿಲ್ಲ. ಎದುರುಮನೆಯ ಜಗಲಿಯಲ್ಲಿ ಚಿಕ್ಕವೆಂಕಟಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವ ಸದ್ದು ಇನ್ನೂ ಕೇಳುತ್ತಿದೆ. ಅಂದಮೇಲೆ ಅವಳಿಗೆ ಇನ್ನೂ ಬೆಳಕಿದೆ. ನಾನು ಹನಿ ಹಾಕಿಕೊಳ್ಳುವ ಹೊತ್ತಾಯಿತು.

ತಮ್ಮ ವಿಶ್ವಾಸಿ,
ಬಚ್ಚಪ್ಪ
ನಿವೃತ್ತ ಗೂಡ್ಸ್ ಗುಮಾಸ್ತ, ಬಂಗಾರಪೇಟೆ

ತಾ.ಕ.: ಶಿಬಿರದ ಸಮಾರೋಪದ ಊಟಕ್ಕೆ ನನ್ನನ್ನೂ ಕರೆಯುವ ಔದಾರ್ಯ ತೋರಿದರೆ ಖಂಡಿತ ಬರುತ್ತೇನೆ. ನನಗೆ ಮಾತ್ರ ಉಪ್ಪನ್ನು ಬಲಗಡೆ ಬಡಿಸಲು ಹೇಳಿರಿ. ಎಡಗಡೆ ಬಡಿಸಿದರೆ ಅದು ಹಾಗೆಯೇ ಉಳಿಯುತ್ತದೆ, ಆಮೇಲೆ ನನಗೆ ತಮ್ಮ ಊಟ ಸೇರಲಿಲ್ಲವೆಂದು ತಾವು ಬೇಸರಪಟ್ಟುಕೊಳ್ಳುವಿರಿ.