ನಳದ ಆ್ಯಪಿಗೊಂದು ಯೋಜನಾ ವರದಿ

ಬರೆದಿಡುವುದು ನನಗೊಂದು ಚಟ. ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಹಚ್ಚಿದ ದಿನ, ಬೆಕ್ಕು ಮರಿ ಹಾಕಿದ ದಿನ, ಉಪ್ಪಿನಕಾಯಿಯ ಭರಣಿ ತೆರೆದ ದಿನ ಎಲ್ಲವೂ ಇರುತ್ತವೆ. ಓದುವವರು ಮಾತ್ರ ಯಾರೂ ಇಲ್ಲ. ಅಮಾವಾಸ್ಯೆ ಯಾವಾಗ ಎಂದು ನೋಡಲು ಹೋಗುವ ನಮ್ಮ ಮನೆಯವರು, ನನ್ನ ಅಕ್ಷರಗಳ ಅಡಿಯಲ್ಲಿ ಅದು ಕಾಣದೆ ಗೊಣಗುತ್ತ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ.

ಈ ಅಕ್ಷರಗಳಿಗೂ ಮರ್ಯಾದೆ ತಂದವಳು ತಿಳವಳ್ಳಿಯ ನನ್ನ ಅಕ್ಕನ ಮಗಳು ರೂಪಾ. ಶಿಗ್ಗಾವಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಸ್ವಂತ ಸಾಫ್ಟ್‌ವೇರ್ ಕಂಪನಿ ಕಟ್ಟಬೇಕೆಂಬುದು ಅವಳ ಆಸೆ. ಹೊಸ ಕಂಪನಿಗಳಿಗೆ ನೆರವಾಗುವ ಹುಬ್ಬಳ್ಳಿಯ ಸಂಸ್ಥೆಯೊಂದಕ್ಕೆ ಕಳಿಸಿದ ಎರಡು ಯೋಜನೆಗಳು, “ಮಾಹಿತಿ ಎಲ್ಲಿಂದ ತರುತ್ತೀರಿ?” ಎಂಬ ಒಂದೇ ಪ್ರಶ್ನೆ ಹೊತ್ತು ತಿರುಗಿ ಬಂದಿದ್ದವು. ಮೂರನೆಯದೂ ಬಂದರೆ ಕಂಪನಿಯ ಮಾತೇ ಬಿಡುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದಳು. ಸವಣೂರಿನ ನಮ್ಮ ಮನೆಗೆ ಬಂದವಳು ನನ್ನ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟಳು. ನಮ್ಮ ಓಣಿಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ; ಯಾವ ಹೊತ್ತಿಗೆಂದು ಹೇಳಲಾಗದು. ಬಂದ ಹೊತ್ತನ್ನೆಲ್ಲ ನಾನು ಆರು ವರ್ಷದಿಂದ ಬರೆದಿದ್ದೆ.

“ಚಿಗವ್ವ, ಇದು ಬರೇ ಕ್ಯಾಲೆಂಡರ್ ಅಲ್ಲ, ಡೇಟಾ ಐತಿ” ಎಂದಳು. ನಳ ಯಾವಾಗ ಬರುತ್ತದೆಂದು ಮೊದಲೇ ಹೇಳುವ ಆ್ಯಪ್ ಮಾಡುವುದು, ಸೋಮವಾರದೊಳಗೆ ಯೋಜನೆ ಕಳಿಸುವುದು ಎಂದು ನಿರ್ಧಾರವಾಯಿತು. ಹಳೆಯ ಕ್ಯಾಲೆಂಡರುಗಳನ್ನೆಲ್ಲ ಅಟ್ಟದಿಂದ ಇಳಿಸಿ ಒರೆಸಿಟ್ಟೆ.

ಭಾನುವಾರ ಚಹಾ, ಖಾರದ ತಿಂಡಿ ಮುಂದಿಟ್ಟುಕೊಂಡು ಕುಳಿತೆವು. ಯೋಜನೆ ಬರೆಯುವುದೆಂದರೆ ಗಂಡು ಗೊತ್ತಾಗುವ ಮೊದಲೇ ಲಗ್ನದ ಯಾದಿ ಬರೆದಂತೆ. ಎರಡನೆಯ ವರ್ಷ ಹಾನಗಲ್ಲು, ಮೂರನೆಯ ವರ್ಷ ಹಿರೇಕೆರೂರು ಎಂದು ರೂಪಾ ಟೈಪು ಮಾಡುತ್ತಲೇ ಹೋದಳು. ಹಾನಗಲ್ಲಿನ ನಳದ ಹೊತ್ತು ಯಾರು ಬರೆದಿಟ್ಟಿದ್ದಾರೆಂದು ಕೇಳಿದರೆ, ಅಲ್ಲಿಯೂ ನಿನ್ನಂಥವಳು ಒಬ್ಬಳು ಇದ್ದೇ ಇರುತ್ತಾಳೆ ಎಂದಳು. ಆ ಕಾಣದ ಹೆಂಗಸಿನ ಮೇಲೆ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ‘ಪ್ರತಿಸ್ಪರ್ಧಿಗಳು’ ಎಂಬಲ್ಲಿ ‘ಯಾರೂ ಇಲ್ಲ’ ಎಂದು ನಾನೇ ಬರೆಸಿದೆ.

ಅಷ್ಟರಲ್ಲಿ ಹೋದ ವರ್ಷದ ಏಪ್ರಿಲ್ ಹಾಳೆಯಲ್ಲಿ ಸಾಲಾಗಿ ಹದಿನೆಂಟು ದಿನ ನಳದ ಸುದ್ದಿಯೇ ಇಲ್ಲದಿರುವುದು ಅವಳ ಕಣ್ಣಿಗೆ ಬಿತ್ತು. ಪೈಪು ಒಡೆದಿತ್ತು, ಬೋರಿನ ನೀರು ಕುದಿಸಿ ಕುಡಿದೆವು ಎಂದೆ. ಸಾಕ್ಷಿಗೆ ಗೋಡೆಯಾಚೆಯ ಖೈರೂನಬಿಯನ್ನೂ ಕರೆದೆ. ಅವರ ಮನೆ ತಗ್ಗಿನಲ್ಲಿದೆ. ನೀರು ಮೊದಲು ಅವರ ನಳಕ್ಕೆ ಬರುತ್ತದೆ. ಅವರು ನನಗೆ ಕೂಗುವುದು, ನಾನು ಆಚೆಮನೆಯ ಬಸವ್ವನಿಗೆ ಕೂಗುವುದು ನಮ್ಮ ಓಣಿಯ ಪದ್ಧತಿ.

ವೀಳ್ಯದೆಲೆಯ ತೊಟ್ಟು ಮುರಿಯುತ್ತ ಬಂದ ಖೈರೂನಬಿ ಹಾಳೆ ನೋಡಿ ನಕ್ಕರು. “ಪೈಪ್ ಎಲ್ಲಿ ಒಡೆದಿತ್ರಿ ಅಕ್ಕಾರ? ನಾ ಹಿರೇಕೆರೂರಿಗೆ ಮಗಳ ಬಾಣಂತನಕ್ಕ ಹೋಗಿದ್ದೆ. ನಸುಕಿನ್ಯಾಗ ನೀರು ಬಂದ್ರ ನಿಮ್ಮನ್ನ ಎಬ್ಬಸೋರು ಯಾರಿದ್ರು?”

ಬಸವ್ವ ಆ ತಿಂಗಳೆಲ್ಲ ನನ್ನೊಡನೆ ಮಾತು ಬಿಟ್ಟಿದ್ದೇಕೆಂದು ಆಗ ತಿಳಿಯಿತು; ನಾನು ಕೂಗದೆ ಅವಳಿಗೂ ನೀರು ತಪ್ಪಿತ್ತು. ಆರು ವರ್ಷ ನಾನು ಬರೆದದ್ದು ನಳ ಬಂದ ಹೊತ್ತನ್ನಲ್ಲ, ಖೈರೂನಬಿ ಕೂಗಿದ ಹೊತ್ತನ್ನು.

ರೂಪಾ ಲ್ಯಾಪ್‌ಟಾಪ್ ಮುಚ್ಚಿ, ಕಂಪನಿ ಬಿಟ್ಟ ಸುದ್ದಿ ಹೇಳಲು ಅವ್ವನಿಗೆ ಫೋನ್ ಮಾಡುತ್ತೇನೆಂದು ಎದ್ದಳು. ಖೈರೂನಬಿ ಅವಳ ಕೈ ಹಿಡಿದು ಕೂರಿಸಿ, ಯಾವಾಗ ಬರುತ್ತದೆಂಬ ಭವಿಷ್ಯ ಯಾರಿಗೆ ಬೇಕು ಎಂದು ಕೇಳಿದರು. “ನಳಾ ಬಂದ ಕೂಡ್ಲೇ ನಾ ಒದರ್ತೇನಿ. ನನ್ನ ದನಿ ಬಸವ್ವನ ಮನೀತನಕ ಮುಟ್ಟೂದಿಲ್ಲ. ನಿನ್ನ ಫೋನಿಗೆ ಮುಟ್ಟಸಾಕ ಆಗತೈತೇನು, ನೋಡವ್ವ.”

ರೂಪಾ ಲ್ಯಾಪ್‌ಟಾಪ್ ಮತ್ತೆ ತೆರೆದಳು. ಆಮೇಲೆ ಬರೆದದ್ದನ್ನೆಲ್ಲ ಅಳಿಸಿದಳು. ಪ್ರತಿ ಓಣಿಗೂ ತಗ್ಗಿನದೊಂದು ಮನೆ ಇರುತ್ತದೆ. ಆ ಮನೆಯವರು ಒಂದು ಗುಂಡಿ ಒತ್ತಿದರೆ ಓಣಿಯ ಫೋನುಗಳೆಲ್ಲ ಮೊಳಗುತ್ತವೆ. ಇಷ್ಟೇ ಹೊಸ ಯೋಜನೆ. ಮಾಹಿತಿಯ ಮೂಲ: ಖೈರೂನಬಿ. ಈ ಸಲ ಅದು ತಿರುಗಿ ಬರಲಿಲ್ಲ. ಒಂದು ವರ್ಷದ ನೆರವು ಸಿಕ್ಕಿತು.

ಈಗ ನಮ್ಮ ಓಣಿಯಲ್ಲೇ ಆ್ಯಪಿನ ಪರೀಕ್ಷೆ ನಡೆದಿದೆ. ಖೈರೂನಬಿ ಕೂಗುವುದನ್ನು ಬಿಟ್ಟು ಗುಂಡಿ ಒತ್ತುತ್ತಾರೆ. ಬಸವ್ವನ ಕೊಡಗಳು ಯಾವಾಗಲೂ ತುಂಬಿರುತ್ತವೆ. ನನ್ನ ಫೋನು ಮಾತ್ರ, ಸದ್ದು ಕಿರಿಕಿರಿಯೆಂದು ನಾನೇ ಬಾಯಿ ಮುಚ್ಚಿಸಿ ಫ್ರಿಜ್ಜಿನ ಮೇಲಿಟ್ಟದ್ದು, ಅಲ್ಲೇ ಇರುತ್ತದೆ. ಮೊನ್ನೆ ಗುರುವಾರದ ಚೌಕದಲ್ಲಿ ‘ನಳ ಬರಲಿಲ್ಲ’ ಎಂದು ಬರೆದೆ. ಸಂಜೆ ಬಸವ್ವನ ಮನೆಯಿಂದ ಎರಡು ಕೊಡ ನೀರು ಹೊತ್ತು ತಂದ ಮೇಲೆ ಅದನ್ನು ಹೊಡೆದುಹಾಕಿ, ಕೆಳಗೆ ಸಣ್ಣದಾಗಿ ‘ಬಂದಿತ್ತಂತೆ’ ಎಂದು ಬರೆದಿಟ್ಟಿದ್ದೇನೆ.